ಮುಪ್ಪಿನಲ್ಲಿ ದೇಹದ ಭಾರವೂ ಕಾಲುಗಳ ಬಲವೂ

ಪಾಠಭಾಗಗಳು: 1 ಸಮುವೇಲ 4:12–18; ಯೆಹೋಶುವ 14:6–14

ಶೀಲೋವಿನ ಯಾಜಕನಾದ ಏಲಿಯ ಮರಣದ ವೃತ್ತಾಂತವನ್ನು ಅರಿಯದವರು ನಮ್ಮ ಸಭೆಗಳಲ್ಲಿ ವಿರಳ. ಯುದ್ಧದ ವರ್ತಮಾನವೇನೆಂದು ತಿಳಿಯುವದಕ್ಕಾಗಿ ಆ ವೃದ್ಧನು ದಾರಿಯ ಮಗ್ಗುಲಲ್ಲಿ ತನ್ನ ಪೀಠದ ಮೇಲೆ ಕುಳಿತು ಕಾಯುತ್ತಿದ್ದನು. ಅವನಿಗೆ ಆಗ 98 ವರುಷ ವಯಸ್ಸು; ಕಣ್ಣುಗಳು ಮಬ್ಬಾಗಿದ್ದವು. ತನ್ನ ಇಬ್ಬರು ಮಕ್ಕಳು ಸತ್ತರೆಂಬುದನ್ನು ಕೇಳಿದಾಗಲೂ ಅವನು ಪೀಠದ ಮೇಲೆಯೇ ಇದ್ದನು. ದೇವರ ಮಂಜೂಷವು ಫಿಲಿಷ್ಟಿಯರ ಕೈವಶವಾಯಿತೆಂಬ ಮಾತು ಕಿವಿಗೆ ಬಿದ್ದ ಕೂಡಲೇ ಹಿಂದಕ್ಕೆ ಬಿದ್ದು, ಕುತ್ತಿಗೆ ಮುರಿದು, ಪ್ರಾಣಬಿಟ್ಟನು. ಆತನು ಹಾಗೆ ಸತ್ತದ್ದು ಯಾಕೆಂಬುದಕ್ಕೆ ಗ್ರಂಥಕರ್ತನು ಅಲ್ಲಿಯೇ ಎರಡು ಕಾರಣಗಳನ್ನು ಕೊಟ್ಟಿದ್ದಾನೆ: ಮುದುಕನಾಗಿದ್ದನು, ಮೈಭಾರವುಳ್ಳವನಾಗಿದ್ದನು. ಏಲಿಯು ತನ್ನ ಮಕ್ಕಳನ್ನು ತಿದ್ದದೆ ಹೋದದ್ದರ ವಿಷಯವಾಗಿ ನಾವು ಅನೇಕ ಸಾರಿ ಪ್ರಸಂಗ ಮಾಡಿದ್ದೇವೆ. ಆದರೆ ಆ ಎರಡನೆಯ ಕಾರಣದ ಬಳಿಯಲ್ಲಿ ಒಂದು ನಿಮಿಷವಾದರೂ ನಿಂತವರಲ್ಲ.

ಈ ತಿಂಗಳು ಅಲ್ಲಿ ನಿಲ್ಲುವದಕ್ಕೆ ಒಂದು ಕಾರಣವಿದೆ, ಅದನ್ನು ಮರೆಮಾಚುವದು ಸರಿಯಲ್ಲ. ನಮಗೆ ಬಳಕೆಯಿರುವ ಒಂದು ಹಳ್ಳಿಯ ಸಭೆಯಲ್ಲಿ 68 ವರುಷದ ಹಿರಿಯರೊಬ್ಬರಿದ್ದಾರೆ. ಅವರ ತೂಕವು 84 ಕಿಲೋ ಇತ್ತು. ರಕ್ತದಲ್ಲಿ ಸಕ್ಕರೆಯು ಏರುತ್ತಿದೆ, ಸ್ವಲ್ಪ ತೂಕ ಇಳಿಸಿಕೊಳ್ಳಿರಿ ಎಂದು ವೈದ್ಯರು ಹೇಳಿದರು. ಹಿರಿಯರು ಹಟದ ಮನುಷ್ಯರು. ಬೆಳಿಗ್ಗೆ ಚಹಾ, ಮಧ್ಯಾಹ್ನ ಒಂದು ರೊಟ್ಟಿ ಮತ್ತು ಪಲ್ಯ, ರಾತ್ರಿ ಒಂದು ಬಾಳೆಹಣ್ಣು. ಇಷ್ಟೇ ಅವರ ಆಹಾರವಾಯಿತು. ಬೇಳೆ, ಮೊಸರು, ಮೊಟ್ಟೆ ಎಲ್ಲವನ್ನೂ ಬಿಟ್ಟರು. ಉಳಿದ ಹೊತ್ತೆಲ್ಲಾ ಕಟ್ಟೆಯ ಮೇಲೆ ಕುಳಿತಿರುವರು. ಐದು ತಿಂಗಳಲ್ಲಿ 14 ಕಿಲೋ ಇಳಿಯಿತು. ಪಂಚೆಯ ಮೇಲಿನ ನಡುಕಟ್ಟಿಗೆ ಹೊಸ ತೂತುಗಳನ್ನು ಹಾಕಿಸಬೇಕಾಯಿತು. ಮಿತಾಹಾರದ ವಿಷಯವಾದ ಒಂದು ಪ್ರಸಂಗದಲ್ಲಿ ನಾವೇ ಅವರನ್ನು ಸಭೆಯ ಮುಂದೆ ಮಾದರಿಯಾಗಿ ತೋರಿಸಿದೆವು. ಅದಾಗಿ ಮೂರು ವಾರಗಳೊಳಗೆ ಅವರು ಬಚ್ಚಲುಮನೆಯ ಹೊಸ್ತಿಲನ್ನು ದಾಟುವಾಗ ಕಾಲು ತಡವರಿಸಿ ಬಿದ್ದರು; ತೊಡೆಯ ಎಲುಬು ಮೇಲ್ಭಾಗದಲ್ಲಿ ಮುರಿಯಿತು. ನೋಡುವದಕ್ಕೆ ಹೋದಾಗ ಅವರು ನಮಗೆ, "ಅಯ್ಯನವರೇ, ಮೈಭಾರ ಇಳಿದರೆ ಕಾಲಿಗೆ ಸುಖವೆಂದು ಎಣಿಸಿದ್ದೆನು, ಕಾಲೇ ಇಳಿದುಹೋಗಿತ್ತು" ಅಂದರು. ನಮ್ಮಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಈ ವಿಷಯವನ್ನು ಓದಿ, ವೈದ್ಯರನ್ನು ಕೇಳಿ, ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತೇವೆ.

ತೂಕವೆಂಬದು ಒಂದೇ ಪದಾರ್ಥದ ಭಾರವಲ್ಲ. ತಕ್ಕಡಿಯು ಎಲುಬು, ಮಾಂಸಖಂಡ, ಕೊಬ್ಬು, ನೀರು ಎಲ್ಲವನ್ನೂ ಕೂಡಿಸಿ ಒಂದೇ ಅಂಕಿಯನ್ನು ಹೇಳುತ್ತದೆ. ಯಾವುದು ಎಷ್ಟು ಎಂದು ಹೇಳುವದಿಲ್ಲ. ಇದರ ಒಂದು ದೃಷ್ಟಾಂತವು ವೈದ್ಯಲೋಕದಲ್ಲಿ ಪ್ರಸಿದ್ಧವಾಗಿದೆ. ಪುಣೆಯ ಡಾಕ್ಟರ್ ಚಿತ್ತರಂಜನ ಯಾಜ್ಞಿಕರೂ ಇಂಗ್ಲೆಂಡಿನ ಡಾಕ್ಟರ್ ಜಾನ್ ಯುಡ್ಕಿನ್ನರೂ 2004ರಲ್ಲಿ ತಮ್ಮಿಬ್ಬರ ದೇಹಗಳನ್ನೇ ಅಳತೆಮಾಡಿಸಿ ಫಲವನ್ನು ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕವನ್ನು ಲೆಕ್ಕಹಾಕಿದರೆ ಇಬ್ಬರದೂ ಒಂದೇ ಅಂಕಿ, 22.3. ಆದರೆ ಇಂಗ್ಲೆಂಡಿನವರ ದೇಹದಲ್ಲಿ ಕೊಬ್ಬು ನೂರಕ್ಕೆ 9.1 ಪಾಲು ಮಾತ್ರ. ನಮ್ಮ ದೇಶದವರ ದೇಹದಲ್ಲಿ ನೂರಕ್ಕೆ 21.2 ಪಾಲು. ನೋಡುವವರ ಕಣ್ಣಿಗೆ ಇಬ್ಬರೂ ತೆಳ್ಳಗಿನವರೇ. ಭಾರತೀಯರಲ್ಲಿ ಅನೇಕರು ಕೈಕಾಲು ಸಣ್ಣಗಿದ್ದು ಹೊಟ್ಟೆಯೊಳಗೆ ಬೊಜ್ಜನ್ನು ಕೂಡಿಟ್ಟುಕೊಂಡವರಾಗಿರುತ್ತಾರೆಂಬುದು ಇದರಿಂದ ಗೊತ್ತಾಗುತ್ತದೆ. ಸಕ್ಕರೆ ಕಾಯಿಲೆಗೂ ಹೃದಯದ ಕಾಯಿಲೆಗೂ ಹೆಚ್ಚಾಗಿ ದಾರಿಮಾಡುವದು ಈ ಹೊಟ್ಟೆಯೊಳಗಿನ ಕೊಬ್ಬೇ.

ಆದದರಿಂದ ಹಳ್ಳಿಯವರಿಗೆ ತಕ್ಕಡಿಗಿಂತ ದರ್ಜಿಯ ಟೇಪು ಹೆಚ್ಚು ಉಪಯುಕ್ತವಾದದ್ದು. ಕಡೇ ಪಕ್ಕೆಲುಬಿಗೂ ಸೊಂಟದ ಎಲುಬಿನ ಮೇಲ್ಭಾಗಕ್ಕೂ ನಡುವೆ, ಉಸಿರನ್ನು ಸಹಜವಾಗಿ ಬಿಟ್ಟು, ಹೊಟ್ಟೆಯನ್ನು ಎಳಕೊಳ್ಳದೆ ಸುತ್ತಳತೆಯನ್ನು ತೆಗೆಯಬೇಕು. ಭಾರತೀಯರಲ್ಲಿ ಗಂಡಸರಿಗೆ 90 ಸೆಂಟಿಮೀಟರಿಗೂ ಹೆಂಗಸರಿಗೆ 80 ಸೆಂಟಿಮೀಟರಿಗೂ ಮೀರಿದ್ದರೆ ಎಚ್ಚರಿಕೆಯು ಅವಶ್ಯವೆಂದು ನಮ್ಮ ದೇಶದ ತಜ್ಞರು 2009ರಲ್ಲಿ ನಿರ್ಣಯಿಸಿದ್ದಾರೆ. ಟೇಪು ಇಲ್ಲದವರು ಒಂದು ದಾರದಿಂದ ಅಳೆದು ಗಂಟುಹಾಕಿ ಇಟ್ಟುಕೊಂಡರೂ ಸಾಕು. ಮುಂದಿನ ತಿಂಗಳಲ್ಲಿ ಗಂಟು ಎಲ್ಲಿಗೆ ಬರುವದೆಂದು ನೋಡಬಹುದು.

ಇನ್ನು ಮುಪ್ಪಿನ ವಿಶೇಷ. ಮೂವತ್ತು ವರುಷ ದಾಟಿದ ಮೇಲೆ ಮಾಂಸಖಂಡಗಳು ಪ್ರತಿ ಹತ್ತು ವರುಷಕ್ಕೆ ನೂರಕ್ಕೆ 3ರಿಂದ 8 ಪಾಲಿನಂತೆ ಕರಗುತ್ತವೆ. ಅರುವತ್ತರ ಮೇಲೆ ಇನ್ನೂ ವೇಗವಾಗಿ. ಕರಗಿದ ಸ್ಥಳದಲ್ಲಿ ಕೊಬ್ಬು ಬಂದು ಸೇರಿದರೆ ತೂಕವು ಇದ್ದಷ್ಟೇ ಇರುತ್ತದೆ, ಮನುಷ್ಯನು ಮಾತ್ರ ಬಲಹೀನನಾಗುತ್ತಾನೆ. ಇದಕ್ಕೆ 1989ರಲ್ಲಿ ಅಮೇರಿಕದ ಡಾಕ್ಟರ್ ಅರ್ವಿನ್ ರೋಸನ್‌ಬರ್ಗರು ಸಾರ್ಕೊಪೀನಿಯಾ ಎಂಬ ಹೆಸರಿಟ್ಟರು. ಮಾಂಸಖಂಡವು ನಡೆಯುವದಕ್ಕೂ ಭಾರ ಎತ್ತುವದಕ್ಕೂ ಮಾತ್ರವಲ್ಲ, ಉಂಡ ಅನ್ನದಿಂದ ರಕ್ತಕ್ಕೆ ಬಂದ ಸಕ್ಕರೆಯ ಬಹುಪಾಲನ್ನು ಹೀರಿಕೊಳ್ಳುವದಕ್ಕೂ ಅದೇ ಬೇಕು. ಅದು ಕಡಿಮೆಯಾದರೆ ಸಕ್ಕರೆಗೆ ಕಣಜವಿಲ್ಲದಂತಾಗುತ್ತದೆ. ಎಡವಿದವನನ್ನು ಬೀಳದಂತೆ ಹಿಡಿದು ನಿಲ್ಲಿಸುವದೂ ತೊಡೆಯ ಮಾಂಸಖಂಡವೇ. ಹೊಟ್ಟೆಗಿಲ್ಲದೆ, ಅಲುಗಾಡದೆ ತೂಕ ಇಳಿಸುವ ಮುದುಕನು ಕೊಬ್ಬಿನ ಸಂಗಡ ಇದನ್ನೂ ಕಳಕೊಳ್ಳುತ್ತಾನೆ. ನಮ್ಮ ಹಿರಿಯರಿಗೆ ಆದದ್ದು ಇದೇ.

ಹಾಗಾದರೆ ಮುಪ್ಪಿನಲ್ಲಿ ತೂಕ ಇಳಿಸಲೇಬಾರದೋ ಎಂದು ಕೇಳುವವರಿದ್ದಾರೆ. ಇಳಿಸಬಹುದು. ಲಂಡನ್ ಪಟ್ಟಣದ ವಿಲ್ಯಂ ಬ್ಯಾಂಟಿಂಗ್ ಎಂಬವನ ಸಂಗತಿಯು ಇದಕ್ಕೆ ಹಳೆಯ ಉದಾಹರಣೆ. ಅವನ ಮನೆತನದವರು ಅರಸುಮನೆಯ ಶವಸಂಸ್ಕಾರಗಳ ಏರ್ಪಾಡನ್ನು ನೋಡಿಕೊಳ್ಳುವವರು. ಐದು ಅಡಿ ಐದು ಅಂಗುಲ ಎತ್ತರದ ಈ ಮನುಷ್ಯನು 1862ರಲ್ಲಿ, ಸುಮಾರು 66ನೆಯ ವಯಸ್ಸಿನಲ್ಲಿ, 202 ಪೌಂಡು, ಎಂದರೆ ಹತ್ತಿರ ಹತ್ತಿರ 92 ಕಿಲೋ ತೂಗುತ್ತಿದ್ದನು. ಬೊಗ್ಗಿ ಬೂಟಿನ ದಾರವನ್ನು ಕಟ್ಟಿಕೊಳ್ಳಲಾರನು. ಮೆಟ್ಟಲುಗಳನ್ನು ಹಿಂದುಮುಂದಾಗಿ ಮೆಲ್ಲಗೆ ಇಳಿಯಬೇಕಾಗಿತ್ತು. ಮೊದಲು ಬೆಳಿಗ್ಗೆ ದೋಣಿಯ ಹುಟ್ಟು ಹಾಕಿ ನೋಡಿದನು; ತೋಳಿಗೆ ಬಲ ಬಂತು, ಅದರೊಡನೆ ಹಸಿವೂ ಹೆಚ್ಚಿ ತೂಕ ಇಳಿಯಲಿಲ್ಲ. ಕಡೆಗೆ ಕಿವಿ ಕೇಳದೆಂದು ವಿಲ್ಯಂ ಹಾರ್ವಿ ಎಂಬ ವೈದ್ಯನ ಬಳಿಗೆ ಹೋದಾಗ, ಆ ವೈದ್ಯನು ಕಿವಿಯನ್ನು ಬಿಟ್ಟು ಊಟವನ್ನು ತಿದ್ದಿದನು. ರೊಟ್ಟಿ, ಸಕ್ಕರೆ, ಬೀರು, ಆಲೂಗಡ್ಡೆಗಳನ್ನು ಬಿಡಿಸಿ, ಮಾಂಸ ಮೀನು ಕಾಯಿಪಲ್ಯಗಳನ್ನು ದಿನದ ಊಟಗಳಲ್ಲಿ ಉಳಿಸಿದನು. ಸುಮಾರು ಒಂದು ವರುಷದಲ್ಲಿ ಬ್ಯಾಂಟಿಂಗನು 46 ಪೌಂಡು ಇಳಿದನು. 1863ರಲ್ಲಿ ತನ್ನ ಅನುಭವವನ್ನು ಒಂದು ಚಿಕ್ಕ ಪುಸ್ತಕವಾಗಿ ಸ್ವಂತ ಖರ್ಚಿನಿಂದ ಅಚ್ಚುಹಾಕಿಸಿ ಹಂಚಿದನು. 1878ರ ವರೆಗೆ ಬದುಕಿದ್ದು 81ನೆಯ ವಯಸ್ಸಿನಲ್ಲಿ ತೀರಿಕೊಂಡನು. ಅವನ ಊಟದ ಪಟ್ಟಿಯಲ್ಲಿ ದ್ರಾಕ್ಷಾಮದ್ಯವೂ ಧಾರಾಳವಾಗಿಯೇ ಇತ್ತು. ಅದನ್ನು ಯಾರೂ ಅನುಸರಿಸಬೇಕಾಗಿಲ್ಲ. ನಾವು ಗಮನಿಸತಕ್ಕದ್ದೇನಂದರೆ, ಅವನು ಉಪವಾಸ ಬೀಳಲಿಲ್ಲ. ಯಾವುದನ್ನು ಬಿಡಬೇಕು, ಯಾವುದನ್ನು ಬಿಡಬಾರದು ಎಂಬುದನ್ನು ಕಲಿತನು.

ಈಗಿನ ಶೋಧನೆಗಳು ಇದಕ್ಕಿಂತ ಖಚಿತವಾಗಿವೆ. ಅಮೇರಿಕದ ಸೇಂಟ್ ಲೂಯಿಯಲ್ಲಿ 65 ವರುಷಕ್ಕೆ ಮೇಲ್ಪಟ್ಟ 107 ಮಂದಿ ಸ್ಥೂಲಕಾಯರನ್ನು ಒಂದು ವರುಷ ನಾಲ್ಕು ಗುಂಪುಗಳಾಗಿಟ್ಟು ನೋಡಿ, 2011ರಲ್ಲಿ ಫಲವನ್ನು ಪ್ರಕಟಿಸಿದರು. ಒಂದು ಗುಂಪಿಗೆ ಊಟದ ಹಿಡಿತ ಮಾತ್ರ, ಒಂದಕ್ಕೆ ವ್ಯಾಯಾಮ ಮಾತ್ರ, ಒಂದಕ್ಕೆ ಎರಡೂ. ನಾಲ್ಕನೆಯದು ಇದ್ದ ಹಾಗೆಯೇ ಇತ್ತು. ಊಟವನ್ನು ಮಾತ್ರ ಹಿಡಿದವರು ನೂರಕ್ಕೆ 10ರಷ್ಟು, ಎರಡನ್ನೂ ಮಾಡಿದವರು ನೂರಕ್ಕೆ 9ರಷ್ಟು ತೂಕ ಇಳಿದರು. ತಕ್ಕಡಿಯ ಲೆಕ್ಕದಲ್ಲಿ ಹೆಚ್ಚು ಕಡಿಮೆ ಒಂದೇ. ಆದರೆ ಕೊಬ್ಬಲ್ಲದ ದೇಹಭಾಗವು ಮೊದಲನೆಯವರಲ್ಲಿ ನೂರಕ್ಕೆ 5 ಪಾಲು ಹೋಯಿತು, ಎರಡನ್ನೂ ಮಾಡಿದವರಲ್ಲಿ 3 ಪಾಲು. ಏಳುವದು, ನಡೆಯುವದು, ಮೆಟ್ಟಲು ಹತ್ತುವದು ಮುಂತಾದವುಗಳ ಪರೀಕ್ಷೆಯಲ್ಲಿ ಊಟದ ಗುಂಪಿಗೆ ನೂರಕ್ಕೆ 12, ವ್ಯಾಯಾಮದ ಗುಂಪಿಗೆ 15, ಎರಡೂ ಕೂಡಿದ ಗುಂಪಿಗೆ 21 ರಷ್ಟು ಅಭಿವೃದ್ಧಿಯಾಯಿತು.

ಎಷ್ಟು ಇಳಿಸಬೇಕೆಂಬುದಕ್ಕೂ ಒಂದು ಅಳತೆಯುಂಟು. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 3,234 ಮಂದಿಯನ್ನು ಅಮೇರಿಕದಲ್ಲಿ ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದ ಶೋಧನೆಯಲ್ಲಿ, ಊಟ ನಡಿಗೆಗಳ ಗುಂಪಿನವರಿಗೆ ಕೊಟ್ಟ ಗುರಿಯು ತೂಕದಲ್ಲಿ ನೂರಕ್ಕೆ 7 ಪಾಲು ಇಳಿಸುವದೂ ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯುವದೂ ಅಷ್ಟೇ. ಇದರಿಂದ ಕಾಯಿಲೆಯು ನೂರಕ್ಕೆ 58ರಷ್ಟು ತಗ್ಗಿತು. ಅರುವತ್ತು ದಾಟಿದವರಲ್ಲಿ 71ರಷ್ಟು. ಮುದುಕರಿಗೆ ಇನ್ನೇನು ಪ್ರಯೋಜನ ಎನ್ನುವವರು ಈ ಅಂಕಿಯನ್ನು ನೆನಪಿನಲ್ಲಿಡಲಿ. ನಮ್ಮ ಹಿರಿಯರ 84 ಕಿಲೋವಿನಲ್ಲಿ ನೂರಕ್ಕೆ 7 ಎಂದರೆ ಆರು ಕಿಲೋ ಸಹ ಪೂರ್ತಿಯಾಗುವದಿಲ್ಲ. ಅವರು ಹದಿನಾಲ್ಕು ಇಳಿಸಿದರು, ನಾವು ಕೈತಟ್ಟಿದೆವು. ಚೆನ್ನೈಯಲ್ಲಿ ನಡುವಯಸ್ಸಿನ 531 ಮಂದಿಯ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಶೋಧನೆಯಾದರೋ ಇನ್ನೂ ಆಶ್ಚರ್ಯಕರವಾದದ್ದು. ಅಲ್ಲಿ ಊಟ ನಡಿಗೆಗಳನ್ನು ತಿದ್ದಿಕೊಂಡವರ ತೂಕವು ಇಳಿಯಲೇ ಇಲ್ಲವೆನ್ನಬಹುದು. ಆದಾಗ್ಯೂ ಸಕ್ಕರೆ ಕಾಯಿಲೆಯು ನೂರಕ್ಕೆ 28.5ರಷ್ಟು ತಗ್ಗಿತು. ತಕ್ಕಡಿಯ ಮುಳ್ಳು ಕದಲಲಿಲ್ಲವೆಂದು ಬೇಸರಪಟ್ಟು ಬಿಟ್ಟುಬಿಡುವವರು ಇದನ್ನು ಎರಡು ಸಾರಿ ಓದಲಿ.

ಊಟದ ಮಾತಿಗೆ ಬರೋಣ. ಚಹಾದಿಂದ ಪ್ರಾರಂಭಿಸುವದು ಉತ್ತಮ. ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ, ಚಮಚಕ್ಕೆ 5 ಗ್ರಾಂ: ದಿನಕ್ಕೆ 40 ಗ್ರಾಂ ಆಯಿತು, ವರುಷಕ್ಕೆ ಹದಿನಾಲ್ಕೂವರೆ ಕಿಲೋ. ಯಾರಾದರೂ ವರುಷಾರಂಭದಲ್ಲಿ ಅಷ್ಟು ಸಕ್ಕರೆಯ ಚೀಲವನ್ನು ಅಜ್ಜನ ಮುಂದಿಟ್ಟು ತಿನ್ನಿರೆಂದು ಹೇಳಿದರೆ ಅವನು ಬೆಚ್ಚಿಬೀಳುವನು. ಬೆಲ್ಲವು ಸಕ್ಕರೆಯಲ್ಲವೆಂದು ತಿಳಿಯುವದೂ ತಪ್ಪು. ವಾರಕ್ಕೊಂದು ಅರೆಚಮಚದಂತೆ ಕಡಿಮೆಮಾಡುತ್ತಾ ಹೋದರೆ ನಾಲಿಗೆಯು ಒಗ್ಗಿಕೊಳ್ಳುತ್ತದೆ. ಎಣ್ಣೆಯ ಸಂಗತಿಯೂ ಹೀಗೆಯೇ. ಒಂದು ಗ್ರಾಂ ಹಿಟ್ಟಿನಲ್ಲಾಗಲಿ ಸಕ್ಕರೆಯಲ್ಲಾಗಲಿ ಸುಮಾರು 4 ಕ್ಯಾಲೊರಿ ಇದ್ದರೆ, ಒಂದು ಗ್ರಾಂ ಎಣ್ಣೆಯಲ್ಲಿ 9 ಇರುತ್ತದೆ. ಮನೆಯ ಎಣ್ಣೆಯನ್ನು ತಿಂಗಳ ಮೊದಲನೆಯ ದಿನ ಅಳೆದು ಇಟ್ಟು, ಅದು ತಿಂಗಳು ಮುಗಿಯುವ ವರೆಗೆ ಬರುವಂತೆ ನೋಡಿಕೊಳ್ಳುವದು ಅಡಿಗೆ ಮಾಡುವವರ ಕೈಯಲ್ಲಿದೆ.

ರೊಟ್ಟಿ, ಮುದ್ದೆ, ಅನ್ನಗಳನ್ನು ಪೂರಾ ಬಿಡಬೇಕಾಗಿಲ್ಲ. ತಟ್ಟೆಯಲ್ಲಿ ಅವುಗಳ ಸ್ಥಳವನ್ನು ಸ್ವಲ್ಪ ಕಿರಿದುಮಾಡಿ, ಸೊಪ್ಪು ಕಾಯಿಪಲ್ಯಗಳಿಗೆ ಅರ್ಧ ಸ್ಥಳವನ್ನು ಕೊಡಬೇಕು. ಮುಖ್ಯವಾಗಿ ಬೇಳೆಕಾಳುಗಳನ್ನು ಕಡಿಮೆಮಾಡಕೂಡದು. ವೃದ್ಧರಿಗೆ ತಮ್ಮ ತೂಕದ ಒಂದೊಂದು ಕಿಲೋವಿಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನು ಬೇಕೆಂದು ತಜ್ಞರ ಒಂದು ಮಂಡಲಿಯು 2013ರಲ್ಲಿ ಹೇಳಿತು. ಅರುವತ್ತು ಕಿಲೋ ತೂಗುವವರಿಗೆ 60ರಿಂದ 72 ಗ್ರಾಂ ಆಯಿತು. ಒಂದು ಮೊಟ್ಟೆಯಲ್ಲಿ 6 ಗ್ರಾಂ. ಒಂದು ದೊಡ್ಡ ಲೋಟ ಹಾಲಿನಲ್ಲಿ 6 ಅಥವಾ 7. ಒಂದು ಹಿಡಿ ಹುರುಳಿಕಾಳಿನಲ್ಲಿಯೂ ಅಷ್ಟೇ. 100 ಗ್ರಾಂ ಮೀನಿನಲ್ಲಿ ಸುಮಾರು 18. ರಾಗಿ ಜೋಳಗಳಲ್ಲಿಯೂ ಸ್ವಲ್ಪ ಇದೆ. ಎಷ್ಟೋ ಮನೆಗಳಲ್ಲಿ ಅಜ್ಜಿಯು ಮೊಟ್ಟೆಯನ್ನು ಮೊಮ್ಮಕ್ಕಳಿಗೆ ಕೊಟ್ಟು, ತಾನು ಸಾರಿನ ತಿಳಿಯಲ್ಲಿ ಅನ್ನ ಕಲಸಿ ಉಣ್ಣುತ್ತಾಳೆ. ಅನ್ನವೇ ಅವಳ ಊಟವೆಲ್ಲಾ. ಅವಳು ದಪ್ಪಗಿದ್ದಾಳೆಂದು ಮನೆಯವರು ನಗುತ್ತಾರೆ. ನಿಜವಾಗಿ ಅವಳು ಅರೆಹೊಟ್ಟೆಯವಳು. ಸೊಸೆಯಂದಿರು, "ಅತ್ತೇ, ಬೇಳೆಯನ್ನು ಮೊದಲು ನಿಮಗೆ ಬಡಿಸುತ್ತೇನೆ" ಎಂದು ಹೇಳುವ ಮನೆಯು ಧನ್ಯವಾದದ್ದು. ಮೂತ್ರಪಿಂಡದ ಕಾಯಿಲೆಯುಳ್ಳವರು ಮಾತ್ರ ಪ್ರೋಟೀನನ್ನು ಹೆಚ್ಚಿಸುವ ಮೊದಲು ವೈದ್ಯರನ್ನು ಕೇಳಲೇಬೇಕು.

ವ್ಯಾಯಾಮವೆಂದರೆ ಹಳ್ಳಿಯ ವೃದ್ಧರು ನಗುತ್ತಾರೆ. "ನಾವು ಹೊಲದಲ್ಲಿ ದುಡಿದವರು, ನಮಗೇನು ಕಸರತ್ತು?" ಎಂದು ಕೇಳುತ್ತಾರೆ. ದುಡಿದದ್ದು ನಿಜ, ಆದರೆ ಇಪ್ಪತ್ತು ವರುಷದ ಹಿಂದಿನ ದುಡಿಮೆಯು ಇಂದಿನ ಕಾಲಿಗೆ ಬಲ ಕೊಡುವದಿಲ್ಲ. ಬೀಸುಕಲ್ಲು ಮೂಲೆಗೆ ಬಿತ್ತು, ನೀರು ನಲ್ಲಿಯಲ್ಲಿ ಬರುತ್ತದೆ, ಪೇಟೆಗೆ ಮೊಮ್ಮಗನ ಬೈಕಿನ ಹಿಂದೆ ಕುಳಿತು ಹೋಗುವದಾಯಿತು. ಅಪೊಸ್ತಲನಾದ ಪೌಲನು ತಿಮೊಥೆಯನಿಗೆ ಬರೆಯುವಾಗ ದೇಹಸಾಧನೆಯ ಲಾಭವು ಅಲ್ಪವೆಂದನಲ್ಲಾ ಎಂದು ವಾದಿಸುವವರನ್ನೂ ಕಂಡಿದ್ದೇವೆ. ಭಕ್ತಿಯ ಪಕ್ಕದಲ್ಲಿಟ್ಟು ನೋಡಿ ಅಪೊಸ್ತಲನು ಹಾಗೆಂದನು, ಲಾಭವೇ ಇಲ್ಲವೆನ್ನಲಿಲ್ಲ. ಅದನ್ನು ಬರೆದವನು ಊರಿಂದೂರಿಗೆ ಕಾಲ್ನಡೆಯಾಗಿ ತಿರುಗಿದವನು.

ಎಷ್ಟು ಮುಪ್ಪಾದರೂ ಮಾಂಸಖಂಡವು ಕಲಿಯಬಲ್ಲದು. ಅಮೇರಿಕದ ಬಾಸ್ಟನ್ ಪಟ್ಟಣದ ಒಂದು ವೃದ್ಧಾಶ್ರಮದಲ್ಲಿ ಸರಾಸರಿ ತೊಂಬತ್ತು ವರುಷದ ಹತ್ತು ಮಂದಿ ಬಲಹೀನರಿಗೆ ಎಂಟು ವಾರ ಕಾಲಿನಿಂದ ಭಾರವನ್ನೆತ್ತುವ ಅಭ್ಯಾಸ ಮಾಡಿಸಿ, 1990ರಲ್ಲಿ ಫಲವನ್ನು ಪ್ರಕಟಿಸಿದರು. ಒಂಬತ್ತು ಮಂದಿ ಕಡೇ ವರೆಗೆ ಮಾಡಿದರು. ಅವರ ಕಾಲಿನ ಬಲವು ಸರಾಸರಿ ನೂರಕ್ಕೆ 174ರಷ್ಟು ಹೆಚ್ಚಾಯಿತು. ಇಬ್ಬರು ಊರುಗೋಲನ್ನೇ ಬಿಟ್ಟರು. ಏಲಿಯ ವಯಸ್ಸಿಗೆ ಹತ್ತಿರವಾದವರು ಇವರು.

ಮನೆಯಲ್ಲಿ ಮಾಡತಕ್ಕದ್ದು ಬಹಳ ಸುಲಭ. ಗೋಡೆಗೆ ಒರಗಿಸಿದ, ಕೈಯಿರುವ ಕುರ್ಚಿಯಲ್ಲಿ ಕುಳಿತು, ಸಾಧ್ಯವಾದಷ್ಟು ಕೈಯೂರದೆ ಎದ್ದುನಿಂತು, ಮೆಲ್ಲಗೆ ಕುಳಿತುಕೊಳ್ಳಬೇಕು. ಮೊದಲು ಐದು ಸಾರಿ, ಮುಂದೆ ಹತ್ತು ಸಾರಿ, ದಿನಕ್ಕೆರಡು ಹೊತ್ತು. ಬಾಗಿಲಿನ ಚೌಕಟ್ಟನ್ನು ಹಿಡಿದು ಹಿಮ್ಮಡಿಗಳನ್ನು ಎತ್ತಿ ಇಳಿಸುವದು. ಹಿಡಿದುಕೊಂಡೇ ಒಂದು ಕಾಲಿನ ಮೇಲೆ ಹತ್ತು ಎಣಿಸುವ ವರೆಗೆ ನಿಲ್ಲುವದು. ಎರಡು ತಂಬಿಗೆಗಳಲ್ಲಿ ನೀರು ತುಂಬಿ ಕೈಗಳಿಂದ ಮೇಲೆತ್ತುವದು. ವಾರಕ್ಕೆ 150 ನಿಮಿಷವಾದರೂ ನಡೆಯಬೇಕೆಂದೂ, 65 ದಾಟಿದವರು ವಾರಕ್ಕೆ ಮೂರು ದಿನವಾದರೂ ಬಲವನ್ನೂ ಸಮತೋಲವನ್ನೂ ಬೆಳೆಸುವ ಇಂಥ ಅಭ್ಯಾಸಗಳನ್ನು ಮಾಡಬೇಕೆಂದೂ ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಬರೆದಿದೆ. ನಡೆಯುವಾಗ ಎದೆನೋವು, ತಲೆಸುತ್ತು, ಅತಿಯಾದ ಉಬ್ಬಸ ಬಂದರೆ ನಿಲ್ಲಿಸಿ ವೈದ್ಯರ ಬಳಿಗೆ ಹೋಗಬೇಕು. ಮೊಣಕಾಲು ನೋಯುವವರು ಕುಳಿತಲ್ಲಿಯೇ ಕಾಲನ್ನು ನೇರವಾಗಿ ಚಾಚಿ, ತುಸು ಹೊತ್ತು ಹಿಡಿದು ಇಳಿಸಲಿ. ಅದೂ ಲೆಕ್ಕಕ್ಕೆ ಬರುತ್ತದೆ.

ಮೂರು ಎಚ್ಚರಿಕೆಗಳನ್ನು ಹೇಳದೆ ಬಿಡಕೂಡದು. ಸಕ್ಕರೆ ಕಾಯಿಲೆಗೆ ಮಾತ್ರೆಯನ್ನೋ ಇನ್ಸುಲಿನ್ ಚುಚ್ಚುಮದ್ದನ್ನೋ ತೆಗೆದುಕೊಳ್ಳುವವರು ವೈದ್ಯರಿಗೆ ತಿಳಿಸದೆ ಊಟವನ್ನು ಕಡಿಮೆಮಾಡಿದರೆ, ಸಕ್ಕರೆಯು ಏಕಾಏಕಿ ಇಳಿದು ಮೈ ಬೆವತು ಪ್ರಜ್ಞೆ ತಪ್ಪಬಹುದು. ಉಪವಾಸ ಪ್ರಾರ್ಥನೆಯ ದಿನಗಳಲ್ಲಿಯೂ ಇದನ್ನು ಮರೆಯಬಾರದು. ಎರಡನೆಯದಾಗಿ, ಪ್ರಯತ್ನವಿಲ್ಲದೆ ತಾನಾಗಿಯೇ ತೂಕ ಇಳಿಯುವದು ಸಂತೋಷದ ಸಂಗತಿಯಲ್ಲ. ಆರು ತಿಂಗಳಿಂದ ಒಂದು ವರುಷದೊಳಗೆ ನೂರಕ್ಕೆ 5 ಪಾಲು ಹಾಗೆ ಇಳಿದರೆ, ಕ್ಷಯವೋ, ಅರ್ಬುದವೋ, ಸಕ್ಕರೆ ಕಾಯಿಲೆಯೋ, ಮನೋವ್ಯಥೆಯೋ ಎಂದು ಪರೀಕ್ಷಿಸಿಕೊಳ್ಳತಕ್ಕದ್ದು. ವಿಧವೆಯಾದ ಮೇಲೆ ಒಬ್ಬಳಿಗೇ ಒಲೆ ಹಚ್ಚುವದು ಯಾಕೆಂದು ಉಣ್ಣದೆ ಮಲಗುವ ಸಹೋದರಿಯರು ನಮ್ಮ ಸಭೆಗಳಲ್ಲಿಯೇ ಇದ್ದಾರೆ. ಮೂರನೆಯದಾಗಿ, ಬಡಕಲಾಗಿರುವ ವೃದ್ಧರಿಗೆ ಈ ಪಾಠದ ಮೊದಲನೆಯ ಅರ್ಧವು ಸಲ್ಲದು. ಅವರಿಗೆ ಬೇಕಾದದ್ದು ಹೆಚ್ಚಿನ ಊಟವೂ ಕಾಲಿನ ಅಭ್ಯಾಸವೂ.

ಸ್ಥೂಲರಾದವರನ್ನು ನೋಡಿ ಹೊಟ್ಟೆಬಾಕರೆಂದು ತೀರ್ಪುಮಾಡುವದು ನಮ್ಮಲ್ಲಿ ಬಹಳವಾಗಿದೆ, ಇದು ಅನ್ಯಾಯ. ಹುಟ್ಟಿನಿಂದ ಬಂದ ಮೈಕಟ್ಟು, ಥೈರಾಯ್ಡಿನ ದೋಷ, ಕೆಲವು ಔಷಧಗಳು, ಹೆರಿಗೆಗಳು, ಕುಳಿತೇ ಮಾಡುವ ಕೆಲಸ, ಇವೆಲ್ಲಾ ಮೈಯನ್ನು ಬೆಳೆಸುತ್ತವೆ. ಏಲಿಯ ಮನೆಯವರು ಕಾಣಿಕೆಯ ಒಳ್ಳೊಳ್ಳೆಯ ಭಾಗಗಳಿಂದ ಕೊಬ್ಬಿದರೆಂಬ ದೋಷಾರೋಪಣೆಯು ಆ ಮನೆಯ ಮೇಲೆ ದೇವರು ಮಾಡಿದ್ದು; ನೆರೆಮನೆಯವಳ ಮೇಲೆ ಮಾಡುವ ಅಧಿಕಾರವು ನಮಗಿಲ್ಲ. ಏಲಿಯ ವಿಷಯದಲ್ಲಿ ನಾವು ಕಂಡದ್ದು ಇನ್ನೊಂದು ಸಂಗತಿ. ಹನ್ನಳು ದೇವಾಲಯದಲ್ಲಿ ಅಳುತ್ತಿದ್ದಾಗಲೂ ಅವನು ಬಾಗಿಲ ಬಳಿಯಲ್ಲಿ ಪೀಠದ ಮೇಲೆ ಕುಳಿತಿದ್ದನು. ಕಡೇ ದಿನದಲ್ಲಿಯೂ ಪೀಠದ ಮೇಲೆ ಕುಳಿತಿದ್ದನು. ಕಾಲೇಬನಾದರೋ ನಾಲ್ವತ್ತು ವರುಷ ಅರಣ್ಯದಲ್ಲಿ ಜನರ ಸಂಗಡ ನಡೆದವನು. 85ನೆಯ ವಯಸ್ಸಿನಲ್ಲಿ ಯೆಹೋಶುವನ ಮುಂದೆ ನಿಂತು ಸಮಭೂಮಿಯನ್ನು ಕೇಳಲಿಲ್ಲ, ಅನಾಕ್ಯರಿದ್ದ ಬೆಟ್ಟದ ಸೀಮೆಯನ್ನು ಕೇಳಿದನು. ಅವನ ಬಲವು ಕರ್ತನ ವರವೆಂಬುದರಲ್ಲಿ ಸಂಶಯವಿಲ್ಲ. ಆದರೂ ಆ ಕಾಲುಗಳು ನಡೆದ ಕಾಲುಗಳು.

ನಮ್ಮ ಹಿರಿಯರು ಶಸ್ತ್ರಚಿಕಿತ್ಸೆಯಾಗಿ ಮನೆಗೆ ಬಂದಿದ್ದಾರೆ. ಈಗ ಬೇಳೆ, ಮೊಸರು, ಮೊಟ್ಟೆಗಳನ್ನು ತಿನ್ನುತ್ತಾರೆ. ಆರಾಧನೆಗೆ ಅರ್ಧ ಗಂಟೆ ಮುಂಚೆ ಬಂದು, ಮುಂದಿನ ಬೆಂಚನ್ನು ಹಿಡಿದು ಹತ್ತು ಸಾರಿ ಎದ್ದು ಕುಳಿತುಕೊಳ್ಳುವದುಂಟು. ಮೊದಲು ಎರಡು ಕೈಗಳನ್ನೂ ಊರುತ್ತಿದ್ದರು, ಈಗ ಒಂದೇ. ಅವರನ್ನು ನೋಡಿ ಇನ್ನೂ ಐದಾರು ಮಂದಿ ವೃದ್ಧರು ಬೇಗ ಬರತೊಡಗಿದ್ದಾರೆ. ಪ್ರತಿ ತಿಂಗಳಿನ ಮೊದಲನೆಯ ಆದಿತ್ಯವಾರದಲ್ಲಿ ಸುತ್ತಳತೆ ತೆಗೆಯುವದಕ್ಕಾಗಿ ಒಂದು ಟೇಪನ್ನು ಅಲ್ಲಿ ಇಟ್ಟಿದ್ದೇವೆ. ಹೆಂಗಸರ ಅಳತೆಯನ್ನು ಸ್ತ್ರೀಸಂಘದವರು ಒಳಕೋಣೆಯಲ್ಲಿ ತೆಗೆಯುತ್ತಾರೆ. ಅಂಕಿಯನ್ನು ಅಳತೆ ಕೊಟ್ಟವಳಿಗೆ ಹೊರತು ಬೇರೆ ಯಾರಿಗೂ ಹೇಳುವದಿಲ್ಲ.